ಕ್ರಿಸ್‌ಮಸ್ ರಜೆಯೂ ಗ್ರಾಮಸೇವೆಯೂ

ಡಿಸೆಂಬರ್ ತಿಂಗಳು ಸಮೀಪಿಸುತ್ತಲೇ ಐರೋಪ್ಯ ದೇಶಗಳಲ್ಲಿಯೂ ಅಮೆರಿಕದಲ್ಲಿಯೂ ಒಂದು ಬಗೆಯ ಆಹ್ವಾನವು ವರ್ಷವರ್ಷವೂ ಪ್ರಚಾರಕ್ಕೆ ಬರುತ್ತಿದೆ. ಈ ಸಲದ ಕ್ರಿಸ್‌ಮಸ್ ಹಬ್ಬವನ್ನು ಮನೆಯ ಬೆಚ್ಚನೆಯ ಒಲೆಯ ಮುಂದೆ ಕಳೆಯಬೇಡಿರಿ. ಇಂಡಿಯಾದಲ್ಲಿಯೋ ನೇಪಾಳದಲ್ಲಿಯೋ ಆಫ್ರಿಕದಲ್ಲಿಯೋ ಒಂದು ಬಡ ಹಳ್ಳಿಗೆ ಹೋಗಿ, ಅಲ್ಲಿಯ ಜನರ ನಡುವೆ ಸ್ವಯಂಸೇವಕರಾಗಿ ಕಳೆಯಿರಿ ಎಂಬುದೇ ಅದರ ಸಾರ. ಎರಡು ವಾರಗಳಿಗೆ ಇಷ್ಟು, ಮೂರು ವಾರಗಳಿಗೆ ಇಷ್ಟು ಎಂದು ಶುಲ್ಕವೂ ಗೊತ್ತಾಗಿರುತ್ತದೆ. ಶಾಲೆಯ ಗೋಡೆಗೆ ಬಣ್ಣ ಬಳಿಯುವುದು, ಮಕ್ಕಳಿಗೆ ಇಂಗ್ಲಿಷ್ ಹಾಡು ಕಲಿಸುವುದು, ಅನಾಥಾಲಯದಲ್ಲಿ ಆಟವಾಡಿಸುವುದು, ಇವೇ ಮುಖ್ಯವಾದ ಕೆಲಸಗಳು. ಹೀಗೆ ಹೊರಡುವ ತರುಣ ತರುಣಿಯರ ಮನಸ್ಸು ಒಳ್ಳೆಯದೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಹಬ್ಬದ ದಿನ ತಂದೆತಾಯಿಗಳನ್ನು ಬಿಟ್ಟು, ತಮ್ಮ ಹಣವನ್ನು ತಾವೇ ವೆಚ್ಚ ಮಾಡಿಕೊಂಡು, ಕಾಣದ ಜನಕ್ಕೆ ಉಪಕಾರ ಮಾಡಬೇಕೆಂದು ಹೊರಟವರನ್ನು ಹಾಸ್ಯ ಮಾಡುವುದು ಸಜ್ಜನರ ಲಕ್ಷಣವಲ್ಲ. ಆದರೆ ಉಪಕಾರವೆಂಬುದು ಮಾಡುವವನ ಮನಸ್ಸಿನಿಂದ ಮಾತ್ರ ಅಳೆಯತಕ್ಕ ವಸ್ತುವಲ್ಲ. ಅದನ್ನು ಪಡೆಯುವವನ ಅಂಗಳದಲ್ಲಿ ಏನು ಉಳಿಯಿತೆಂಬುದರಿಂದಲೂ ಅಳೆಯಬೇಕಾಗುತ್ತದೆ.

ಇಂಥ ಅತಿಥಿಗಳ ವಿಷಯದಲ್ಲಿ ನಮ್ಮ ಪಟ್ಟಣಗಳಲ್ಲಿ ಎರಡು ವಿಧವಾದ ಭಾವನೆಗಳು ರೂಢಿಯಲ್ಲಿವೆ. ಬಿಳಿಯ ಮೈಬಣ್ಣವನ್ನು ಕಂಡ ಕೂಡಲೆ ಹಾರ ತುರಾಯಿಗಳನ್ನು ತಂದು, ವೇದಿಕೆ ಹಾಕಿಸಿ, ಭಾಷಣ ಮಾಡಿಸಿ, ಛಾಯಾಚಿತ್ರ ತೆಗೆಯಿಸಿಕೊಳ್ಳುವುದು ಒಂದು. ಇವರೆಲ್ಲರೂ ಯಾವುದೋ ಗೂಢವಾದ ಉದ್ದೇಶದಿಂದ ಬಂದವರೆಂದು ದೂರ ನಿಂತು ಅನುಮಾನಪಡುವುದು ಇನ್ನೊಂದು. ಮೊದಲನೆಯದು ಪರಾಧೀನತೆಯ ಕಾಲದ ಅಭ್ಯಾಸ. ಎರಡನೆಯದು ಅದೇ ಅಭ್ಯಾಸದ ಮಗ್ಗುಲು ಬದಲಿಸಿದ ರೂಪ. ಈ ಎರಡರಲ್ಲಿಯೂ ಹಳ್ಳಿಯವನ ಅಭಿಪ್ರಾಯವನ್ನು ಕೇಳುವವರಿಲ್ಲ. ಸ್ವತಂತ್ರವಾದ ಜನಾಂಗವು ಹೊರಗಿನಿಂದ ಬಂದವನನ್ನು ಪೂಜಿಸಬೇಕಾಗಿಯೂ ಇಲ್ಲ, ಅಂಜಬೇಕಾಗಿಯೂ ಇಲ್ಲ. ನೀನು ಏನನ್ನು ಬಲ್ಲೆ, ಎಷ್ಟು ದಿನ ಇರುವೆ, ನೀನು ಹೋದ ಮೇಲೆ ಏನು ಉಳಿಯುವುದು ಎಂದು ಸಮಾನನು ಸಮಾನನನ್ನು ಕೇಳುವಂತೆ ಕೇಳಿದರೆ ಸಾಕು.

ಈ ಪ್ರಶ್ನೆಗಳಿಗೆ ಪೂರ್ವಚರಿತ್ರೆಯಲ್ಲಿ ಒಳ್ಳೆಯ ಉತ್ತರಗಳಿವೆ. 1934ನೆಯ ಜನವರಿ 15ರಂದು ಬಿಹಾರ ಮತ್ತು ನೇಪಾಳ ಪ್ರಾಂತಗಳನ್ನು ಮಹಾ ಭೂಕಂಪವೊಂದು ನಡುಗಿಸಿತು; ಹತ್ತು ಸಾವಿರಕ್ಕೂ ಹೆಚ್ಚು ಜನರು ಮಡಿದರು. ಆಗ ಸ್ವಿಟ್ಜರ್ಲೆಂಡಿನಿಂದ ಪಿಯರ್ ಸೆರೆಸೋಲ್ ಎಂಬ ಯಂತ್ರಶಿಲ್ಪಿಯು ಇಲ್ಲಿಗೆ ಬಂದನು. ಆತನ ತಂದೆಯು ಆ ದೇಶದ ರಾಷ್ಟ್ರಾಧ್ಯಕ್ಷನಾಗಿದ್ದವನು. ಮಗನು ಸೈನ್ಯದ ತೆರಿಗೆಯನ್ನು ಕೊಡಲೊಲ್ಲೆನೆಂದು ಹಟ ಹಿಡಿದವನು. ಮೊದಲನೆಯ ಮಹಾಯುದ್ಧವು ಮುಗಿದ ಮೇಲೆ, 1920ರಲ್ಲಿ, ಫ್ರಾನ್ಸಿನ ವೆರ್ದೂನ್ ಬಳಿ ಹಾಳಾಗಿದ್ದ ಎಸ್ನ್ ಎಂಬ ಹಳ್ಳಿಯನ್ನು ಮರಳಿ ಕಟ್ಟಲು ಬೇರೆ ಬೇರೆ ದೇಶಗಳವರನ್ನು, ನಿನ್ನೆಯ ಶತ್ರುಗಳನ್ನೂ ಸೇರಿಸಿ, ಒಂದು ಸೇವಾದಳವನ್ನು ಆತನು ಏರ್ಪಡಿಸಿದ್ದನು. ಬಿಹಾರದಲ್ಲಿ ಆಗ ಬಾಬು ರಾಜೇಂದ್ರ ಪ್ರಸಾದರ ನೇತೃತ್ವದಲ್ಲಿ ಪರಿಹಾರ ಕಾರ್ಯವು ನಡೆಯುತ್ತಿದ್ದಿತು. ಸೆರೆಸೋಲನು ಬಂದು, ಏನು ಮಾಡಬೇಕೆಂದು ತಾನೇ ನಿಶ್ಚಯಿಸಿ ಅವರಿಗೆ ಉಪದೇಶ ಮಾಡಲಿಲ್ಲ. ಪ್ರವಾಹಕ್ಕೆ ಸಿಕ್ಕುತ್ತಿದ್ದ ಹಳ್ಳಿಗಳನ್ನು ಎತ್ತರದ ನೆಲಕ್ಕೆ ಸಾಗಿಸಬೇಕೆಂದು ಇಲ್ಲಿಯವರೇ ಗೊತ್ತುಪಡಿಸಿದ್ದ ಕೆಲಸಕ್ಕೆ ತಾನೂ ತನ್ನ ಕೆಲವೇ ಮಂದಿ ಸಂಗಡಿಗರೂ ಸೇರಿದರು. ಇವರ ಕೆಲಸವು 1937ರವರೆಗೆ ನಡೆಯಿತು. ಗುದ್ದಲಿ ಹಿಡಿದು ಮಣ್ಣು ಅಗೆಯುವ ಕೆಲಸಕ್ಕೆ ಆ ಸೀಮೆಯಲ್ಲಿ ಚಳಿಗಾಲವೇ ತಕ್ಕ ಕಾಲ. ಕ್ರಿಸ್‌ಮಸ್ಸೆಂಬುದು ಅಂಥವರಿಗೆ ಕೆಲಸದ ಋತುವಿನ ನಡುವೆ ಬಂದು ಹೋಗುವ ಒಂದು ದಿನವೇ ಹೊರತು, ಅದಕ್ಕಾಗಿಯೇ ಬಂದು ನೋಡಿ ಹೋಗುವ ದೃಶ್ಯವಲ್ಲ.

ಇದಕ್ಕೂ ಹಿಂದೆ, ಲಿಯೊನಾರ್ಡ್ ಎಲ್ಮ್‌ಹರ್ಸ್ಟ್ ಎಂಬ ಆಂಗ್ಲ ತರುಣನು 1921ರ ಕೊನೆಯಲ್ಲಿ ರವೀಂದ್ರನಾಥ ಠಾಕೂರರ ಕರೆಯ ಮೇಲೆ ಬಂಗಾಳಕ್ಕೆ ಬಂದು, 1922ರಲ್ಲಿ ಸುರುಲ್ ಎಂಬ ಹಳ್ಳಿಯಲ್ಲಿ, ಮುಂದೆ ಶ್ರೀನಿಕೇತನವೆಂದು ಪ್ರಸಿದ್ಧವಾದ ಗ್ರಾಮೋದ್ಧಾರ ಕೇಂದ್ರವನ್ನು ಪ್ರಾರಂಭಿಸಿದನು. ಆತನು ಬರಿಯ ಕನಿಕರವನ್ನು ಹೊತ್ತುಕೊಂಡು ಬಂದವನಲ್ಲ. ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ವ್ಯವಸಾಯ ಶಾಸ್ತ್ರವನ್ನು ಕಲಿತು ಬಂದವನು. ಅಲ್ಲಿ ಆತನೂ ಆತನ ವಿದ್ಯಾರ್ಥಿಗಳೂ ಕಲಿತ ಮೊದಲ ಪಾಠಗಳಲ್ಲೊಂದು ತಮ್ಮ ಮಲವನ್ನು ತಾವೇ ಗುಂಡಿ ತೋಡಿ ಹುಗಿಯುವುದಾಗಿದ್ದಿತು. ಅದೇ ಶಾಂತಿನಿಕೇತನದಲ್ಲಿ 1910ರಿಂದ ಕ್ರಿಸ್ತ ಜಯಂತಿಯ ಉತ್ಸವವು ನಡೆದು ಬಂದಿದೆಯೆಂಬುದನ್ನೂ ವಾಚಕರು ನೆನೆಯಬಹುದು. ಆಂಗ್ಲ ನೌಕಾಧಿಪತಿಯೊಬ್ಬನ ಮಗಳಾದ ಮೀರಾಬೆನ್ನರು 1925ರಲ್ಲಿ ಸಾಬರಮತಿಗೆ ಬಂದವರು, ಗಾಂಧೀಜಿಯವರು ಸೇಗಾಂವ್ ಹಳ್ಳಿಯಲ್ಲಿ ನೆಲಸುವುದಕ್ಕೆ ಮುಂಚೆಯೇ ತಾವು ಆ ಹಳ್ಳಿಯಲ್ಲಿ ವಾಸ ಮಾಡತೊಡಗಿದರು. ಇವರಾರೂ ಎರಡು ವಾರದ ಅತಿಥಿಗಳಾಗಿರಲಿಲ್ಲ.

ನುಡಿಯ ವಿಷಯದಲ್ಲಿ ಕನ್ನಡಿಗರಾದ ನಮಗೆ ಇನ್ನೂ ಹತ್ತಿರದ ನಿದರ್ಶನವುಂಟು. ಫರ್ಡಿನೆಂಡ್ ಕಿಟ್ಟೆಲರು 1853ರಲ್ಲಿ ಬಾಸೆಲ್ ಮಿಷನ್ನಿನ ಪರವಾಗಿ ಕನ್ನಡ ನಾಡಿಗೆ ಬಂದರು. ಅವರ ನಿಘಂಟು ಅಚ್ಚಾಗಿ ಹೊರಬಿದ್ದುದು 1894ರಲ್ಲಿ. ನಡುವಣ ನಲವತ್ತೊಂದು ವರ್ಷಗಳನ್ನು ವಾಚಕರು ಲೆಕ್ಕ ಹಾಕಿಕೊಳ್ಳಲಿ. ಅವರು ಬಂದ ಉದ್ದೇಶವು ಮತಪ್ರಚಾರವಾಗಿದ್ದಿತು. ಅದನ್ನು ಒಪ್ಪುವುದು ಬಿಡುವುದು ಬೇರೆ ಮಾತು. ಆದರೆ ಈ ನಾಡಿನ ರೈತನೂ ಕಮ್ಮಾರನೂ ಆಡುವ ಮಾತನ್ನು ಕಿವಿಗೊಟ್ಟು ಕೇಳಿ ಕಲಿತವರು ಬಿಟ್ಟು ಹೋದ ವಸ್ತುವು ನಮ್ಮ ಕೈಯಲ್ಲಿ ಇಂದಿಗೂ ಉಳಿದಿದೆ. ಮಾತು ಕಲಿಯದವನು ಮಾಡುವ ಸೇವೆಯು ಮೂಕನು ಕಿವುಡನಿಗೆ ಹೇಳಿದ ಕಥೆಯಂತೆ.

ಸ್ವಾತಂತ್ರ್ಯಾನಂತರದ ಕಾಲದಲ್ಲಿ ಅಮೆರಿಕದ ಶಾಂತಿದಳದವರು ಬಂದರು. ಅಧ್ಯಕ್ಷ ಕೆನೆಡಿಯವರು 1961ರ ಮಾರ್ಚಿಯಲ್ಲಿ ಸ್ಥಾಪಿಸಿದ ಈ ದಳದ ಮೊದಲ ತಂಡವು ಅದೇ ವರ್ಷದ ಡಿಸೆಂಬರಿನಲ್ಲಿ ಪಂಜಾಬಿಗೆ ಬಂದಿಳಿಯಿತು. ಎಂದರೆ ಅವರ ಮೊದಲ ಕ್ರಿಸ್‌ಮಸ್ಸೇ ಈ ನೆಲದಲ್ಲಾಯಿತು. ಅಂದಿನ ಮೈಸೂರು ರಾಜ್ಯಕ್ಕೂ ಇವರಲ್ಲಿ ಕೆಲವರು ಬಂದು, ಕೋಳಿ ಸಾಕಣೆಯೇ ಮೊದಲಾದ ಕೆಲಸಗಳಲ್ಲಿ ತೊಡಗಿದರು. ಬರುವ ಮೊದಲೇ ಅವರಿಗೆ ಕನ್ನಡವನ್ನು ಅಷ್ಟಿಷ್ಟು ಕಲಿಸಿ ಕಳುಹಿಸುತ್ತಿದ್ದರು. ಎರಡು ವರ್ಷ ಇರತಕ್ಕದ್ದೆಂಬ ಕಟ್ಟಳೆಯಿದ್ದಿತು. ಆದಾಗ್ಯೂ ಆಗತಾನೆ ಪದವಿ ಪಡೆದು ಬಂದ, ಯಾವ ಕಸುಬಿನಲ್ಲಿಯೂ ನುರಿಯದ ತರುಣರಿಂದ ಹಳ್ಳಿಗಳಿಗೆ ಆಗುವ ಪ್ರಯೋಜನವೆಷ್ಟೆಂಬ ಪ್ರಶ್ನೆಯು ಮೊದಲಿನಿಂದಲೂ ಇದ್ದೇ ಇದ್ದಿತು. 1976ರಲ್ಲಿ ಆ ದಳವು ಇಂಡಿಯಾದಿಂದ ಹೊರಟುಹೋಯಿತು. ಈ ದಳದವರಲ್ಲಿಯೇ ಲಿಲಿಯನ್ ಕಾರ್ಟರ್ ಎಂಬ ದಾದಿಯೊಬ್ಬರು ಅರುವತ್ತೆಂಟರ ವಯಸ್ಸಿನಲ್ಲಿ ಬಂದು ಮುಂಬಯಿಯ ಬಳಿಯ ವಿಕ್ರೋಲಿಯ ಚಿಕಿತ್ಸಾಲಯದಲ್ಲಿ ರೋಗಿಗಳ ಶುಶ್ರೂಷೆ ಮಾಡಿದರು. ಅವರ ಮಗ ಜಿಮ್ಮಿ ಕಾರ್ಟರ್ 1977ರಲ್ಲಿ ಅಮೆರಿಕದ ಅಧ್ಯಕ್ಷನಾದನು. ಆಕೆಗೆ ಕಸುಬು ಗೊತ್ತಿದ್ದಿತು. ಆದುದರಿಂದ ಕೆಲಸವೂ ದೊರೆಯಿತು. ಕಸುಬು ಬಲ್ಲ ಕೈಗೂ ಬರಿಯ ಉತ್ಸಾಹಕ್ಕೂ ಇರುವ ಅಂತರವನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಸಾಕ್ಷ್ಯವು ಬೇಕಿಲ್ಲ.

ಎರಡು ವರ್ಷ ಇದ್ದವರ ಪಾಡೇ ಹೀಗಿದ್ದರೆ, ಮಾತು ಬಾರದೆ ಎರಡು ವಾರ ಇದ್ದು ಹೋಗುವವರಿಂದ ನಾವು ಏನನ್ನು ನಿರೀಕ್ಷಿಸಬಹುದು? ಈ ಪ್ರಶ್ನೆಯನ್ನು ಗಾಳಿಯಲ್ಲಿ ತೂಗದೆ, ನಮ್ಮ ಕಣ್ಣ ಮುಂದಿನ ಸೀಮೆಗೆ ತಂದು ನೋಡೋಣ. ದಾವಣಗೆರೆ ಜಿಲ್ಲೆಯು 1997ನೆಯ ಆಗಸ್ಟ್ 15ರಂದು ಉದಯವಾಯಿತು. ಅದನ್ನು ರಚಿಸಿದ ಮುಖ್ಯಮಂತ್ರಿ ಜೆ. ಎಚ್. ಪಟೇಲರು ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರು. ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗ ಜಿಲ್ಲೆಯಿಂದಲೂ ಜಗಳೂರು ಚಿತ್ರದುರ್ಗ ಜಿಲ್ಲೆಯಿಂದಲೂ ಬಂದು ಇದರಲ್ಲಿ ಸೇರಿದವು. ಹೊನ್ನಾಳಿಯಿಂದ ಬೇರೆಯಾದ ನ್ಯಾಮತಿಯು ಈಚೆಗೆ ತಾನೇ ಒಂದು ತಾಲ್ಲೂಕಾಗಿದೆ. ಈ ನಾಲ್ಕು ತಾಲ್ಲೂಕುಗಳ ನೆಲ ಒಂದೇ ಬಗೆಯದಲ್ಲ. ಅವುಗಳ ಕಷ್ಟವೂ ಒಂದೇ ಬಗೆಯದಲ್ಲ.

ಚನ್ನಗಿರಿಯಲ್ಲಿ ಅಡಕೆಯ ತೋಟಗಳಿವೆ, ಭದ್ರಾ ಕಾಲುವೆಯ ನೀರು ಕಂಡ ಗದ್ದೆಗಳಿವೆ, ಶಾಂತಿಸಾಗರವೆಂದು ಹೆಸರಾದ ಸೂಳೆಕೆರೆಯಿದೆ. ಶಾಂತವ್ವನೆಂಬ ಹೆಣ್ಣುಮಗಳು ಕಟ್ಟಿಸಿದಳೆಂದು ಜನರು ನೂರಾರು ವರ್ಷಗಳಿಂದ ಹೇಳಿಕೊಂಡು ಬಂದಿರುವ ಈ ಕೆರೆಯು ಹೊರಗಿನ ದಾನದಿಂದ ಆದುದಲ್ಲ. ಅದೇ ತಾಲ್ಲೂಕಿನ ಸಂತೇಬೆನ್ನೂರಿನಲ್ಲಿ ಪುಷ್ಕರಿಣಿಯ ಪಕ್ಕದಲ್ಲಿಯೇ ಮುಸಾಫಿರ್‌ಖಾನೆಯು ನಿಂತಿದೆ. ದಾರಿಹೋಕನಿಗೆ ನೆರಳು ಕೊಡುವುದನ್ನು ಈ ಸೀಮೆಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಹೊನ್ನಾಳಿಯ ಮಗ್ಗುಲಲ್ಲಿ ತುಂಗಭದ್ರೆಯು ಹರಿಯುತ್ತಾಳೆ. ಮುಂಗಾರು ಬಲವಾದ ವರ್ಷಗಳಲ್ಲಿ ನದಿಯ ದಡದ ತಗ್ಗಿನ ಕೇರಿಗಳಿಗೆ ನೀರು ನುಗ್ಗಿ, ಬಡವರ ಮನೆಗಳ ಮಣ್ಣಿನ ಗೋಡೆಗಳು ಕರಗುತ್ತವೆ. ಆ ಹೊತ್ತಿನಲ್ಲಿ ಕೈಗಳು ಬೇಕು. ಆದರೆ ಅದು ಆಷಾಢ ಶ್ರಾವಣಗಳ ಕಾಲ, ಕ್ರಿಸ್‌ಮಸ್ಸಿನ ಕಾಲವಲ್ಲ. ಆಪತ್ತು ಬರುವುದು ಪರದೇಶದ ರಜೆಯ ಪಟ್ಟಿಯನ್ನು ನೋಡಿಕೊಂಡಲ್ಲ.

ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪವು ಸಂತ ಸೇವಾಲಾಲರ ಜನ್ಮಸ್ಥಳ. ನಾಡಿನ ಬಂಜಾರ ಜನರಿಗೆಲ್ಲ ಪುಣ್ಯಕ್ಷೇತ್ರ. ಫೆಬ್ರವರಿಯಲ್ಲಿ ಅಲ್ಲಿ ಜನಸಾಗರವು ಸೇರುತ್ತದೆ. ಆದರೆ ಡಿಸೆಂಬರಿನಲ್ಲಿ ಲಂಬಾಣಿ ತಾಂಡಾಗಳ ಕಥೆ ಬೇರೆ. ಮಲೆನಾಡಿನ ತೋಟಗಳಲ್ಲಿ ಕಾಫಿಯ ಹಣ್ಣು ಕೀಳುವ ಕಾಲವೂ, ಕಬ್ಬು ಕಡಿಯುವ ಕಾಲವೂ ಅದೇ. ದುಡಿಯಬಲ್ಲ ಗಂಡಸರೂ ಹೆಂಗಸರೂ ಗುಳೆ ಹೋಗುತ್ತಾರೆ. ಮನೆಯಲ್ಲಿ ಮುದುಕರು ಉಳಿಯುತ್ತಾರೆ. ಮಕ್ಕಳು ಕೆಲವರು ಅಜ್ಜಿಯ ಬಳಿ ಉಳಿಯುತ್ತಾರೆ, ಕೆಲವರು ಶಾಲೆ ಬಿಟ್ಟು ತಂದೆತಾಯಿಗಳ ಹಿಂದೆಯೇ ಹೋಗುತ್ತಾರೆ. ಹೊರದೇಶದ ತರುಣನು ಹಬ್ಬದ ವಾರದಲ್ಲಿ ಇಂಥ ತಾಂಡಾಕ್ಕೆ ಬಂದರೆ ಅವನಿಗೆ ಕಾಣುವುದು ಕಸೂತಿಯ ಲಂಗವೂ ನಗುವ ಕೂಸುಗಳೂ ಮಾತ್ರ. ಬಾಗಿಲಿಗೆ ಬೀಗ ಹಾಕಿದ ಮನೆಗಳು ಏಕೆ ಹಾಗಿವೆಯೆಂಬುದನ್ನು ಅವನಿಗೆ ಹೇಳುವವರಾರು? ಮಾರ್ಚಿಯ ಪರೀಕ್ಷೆಯ ಹೊತ್ತಿಗೆ ಆ ಮಕ್ಕಳು ಶಾಲೆಯಲ್ಲಿ ಉಳಿದಿರುವರೇ ಎಂಬುದನ್ನು ನೋಡಲು ಅವನಂತೂ ಅಲ್ಲಿರುವುದಿಲ್ಲ.

ಇನ್ನು ಜಗಳೂರು. ಮಳೆ ಕಡಮೆಯ, ಮಳೆಯನ್ನೇ ನೆಚ್ಚಿದ ಸೀಮೆ. ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಮಿತಿಮೀರಿದ ಹಳ್ಳಿಗಳು ಇಲ್ಲಿವೆ; ಆ ನೀರನ್ನು ವರ್ಷಗಟ್ಟಲೆ ಕುಡಿದವರ ಹಲ್ಲು ಕಂದುಗಟ್ಟುತ್ತದೆ, ಕೀಲುಗಳು ಬಿಗಿಯುತ್ತವೆ. ತುಂಗಭದ್ರೆಯ ನೀರನ್ನು ಯಂತ್ರಗಳಿಂದ ಎತ್ತಿ 57 ಕೆರೆಗಳನ್ನು ತುಂಬಿಸುವ ಯೋಜನೆಗಾಗಿ ಈ ತಾಲ್ಲೂಕಿನ ಜನರು ಹಲವು ವರ್ಷ ಕಾದರು. ಇಲ್ಲಿ ಬೇಕಾದುದು ನೀರಿನ ಪರೀಕ್ಷೆ ಬಲ್ಲ ರಸಾಯನಶಾಸ್ತ್ರಜ್ಞ, ಮೂಳೆಯ ರೋಗವನ್ನು ಬಲ್ಲ ವೈದ್ಯ, ಕೆರೆಯ ಕಾಲುವೆಯ ಮಟ್ಟವನ್ನು ಅಳೆಯಬಲ್ಲ ಶಿಲ್ಪಿ. ಗೋಡೆಗೆ ಬಣ್ಣ ಬಳಿಯುವವರಿಗೆ ಜಗಳೂರಿನಲ್ಲಿ ಬರಗಾಲವಿಲ್ಲ. ಹಾಗೆ ನೋಡಿದರೆ, ಬಣ್ಣ ಬಳಿಯುವ ಕೂಲಿಯು ಅದೇ ಊರಿನ ಒಬ್ಬ ನಿರುದ್ಯೋಗಿಗೆ ಹಬ್ಬದ ಅಕ್ಕಿಬೇಳೆಯಾಗಬಹುದಾಗಿದ್ದಿತು. ಹಣ ಕೊಟ್ಟು ಬಂದು ಬಿಟ್ಟಿ ದುಡಿಯುವವನು, ದುಡಿದು ಉಣ್ಣುವವನ ತುತ್ತನ್ನು ತನಗೆ ತಿಳಿಯದೆಯೇ ಕಸಿದುಕೊಳ್ಳುತ್ತಾನೆ.

ಇದಕ್ಕಿಂತಲೂ ಗಂಭೀರವಾದುದು ಮಕ್ಕಳ ವಿಷಯ. ನಮ್ಮ ಹಳ್ಳಿಯ ಸರಕಾರಿ ಶಾಲೆಗಳಿಗೆ ಕ್ರಿಸ್‌ಮಸ್ಸಿಗಾಗಿ ದೀರ್ಘವಾದ ರಜೆಯಿಲ್ಲ. ಡಿಸೆಂಬರ್ 25 ಒಂದು ದಿನ ಕಳೆದರೆ ಪಾಠವು ಮತ್ತೆ ನಡೆಯಬೇಕು. ವರ್ಷದ ಪಾಠಗಳು ಮುಗಿಯುತ್ತ ಬಂದು ಪರೀಕ್ಷೆಯು ಕಣ್ಣಿಗೆ ಕಾಣುವ ಕಾಲವದು. ಆ ಹೊತ್ತಿನಲ್ಲಿ ತರಗತಿಯ ಪಾಠವನ್ನು ನಿಲ್ಲಿಸಿ, ಅತಿಥಿಗಳ ಮುಂದೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಹಾಡಿಸುವುದು ವಿದ್ಯಾದಾನವಲ್ಲ. ಅನಾಥಾಲಯಗಳ ಮಾತು ಇನ್ನೂ ಕಠಿನವಾದುದು. ತಾಯಿಯಿಲ್ಲದ ಕೂಸು ಹೊಸಬಳೊಬ್ಬಳ ಕೈಗೆ ಒಗ್ಗಿಕೊಳ್ಳುವುದಕ್ಕೆ ಎರಡು ವಾರ ಸಾಕು. ಆಕೆಯು ವಿಮಾನ ಹತ್ತಿದ ಮೇಲೆ ಆ ಕೂಸಿಗೆ ಮತ್ತೊಮ್ಮೆ ತಾಯಿ ಸತ್ತಂತೆಯೇ. ವರ್ಷಕ್ಕೆ ನಾಲ್ಕಾರು ಬಾರಿ ಹೀಗಾದರೆ ಆ ಮಗುವು ಯಾರನ್ನೂ ನಂಬದಂತಾಗುತ್ತದೆ. ಅತಿಥಿಗಳ ಹಣಕ್ಕಾಗಿಯೇ, ತಂದೆತಾಯಿಗಳಿರುವ ಬಡ ಮಕ್ಕಳನ್ನು ತಂದು ಅನಾಥರೆಂದು ತೋರಿಸುವ ವ್ಯಾಪಾರವು ಕೆಲವು ದೇಶಗಳಲ್ಲಿ ಹುಟ್ಟಿಕೊಂಡುದರಿಂದ, 2019ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯು ತನ್ನ ನಿರ್ಣಯವೊಂದರಲ್ಲಿ ಇದರ ಅಪಾಯವನ್ನು ಎತ್ತಿ ಹೇಳಬೇಕಾಯಿತು. ನಮ್ಮ ದೇಶದಲ್ಲಿ 2015ರ ಬಾಲನ್ಯಾಯ ಕಾಯಿದೆಯ ಪ್ರಕಾರ ಮಕ್ಕಳನ್ನು ಇಟ್ಟುಕೊಳ್ಳುವ ಪ್ರತಿಯೊಂದು ಸಂಸ್ಥೆಯೂ ನೋಂದಣಿಯಾಗಿರತಕ್ಕದ್ದು. ಈ ನಿಯಮವನ್ನು ಕಾಗದದಲ್ಲಿ ಬಿಡದೆ ನಡೆಯಿಸುವುದು ಅಧಿಕಾರಿಗಳ ಕರ್ತವ್ಯವೆಂಬುದನ್ನು ನಾವು ನೆನಪು ಮಾಡಿಕೊಡುತ್ತೇವೆ.

ಅಧಿಕಾರಿಗಳ ಪ್ರಸ್ತಾಪ ಬಂದುದರಿಂದ ಕಾನೂನಿನ ಸ್ಥಿತಿಯನ್ನೂ ಸಂಕ್ಷೇಪವಾಗಿ ಹೇಳುವುದು ಯುಕ್ತ. ಪ್ರವಾಸಿ ವೀಸಾದ ಮೇಲೆ ಬಂದ ಪರದೇಶದವರು ಯಾವ ಬಗೆಯ ಪ್ರತಿಫಲವನ್ನೂ ಪಡೆಯದೆ ಒಂದು ತಿಂಗಳಿಗೆ ಮೀರದಂತೆ ಸ್ವಯಂಸೇವೆ ಮಾಡಲು ಈಗ ಅವಕಾಶವಿದೆ. ಹೆಚ್ಚು ಕಾಲ ಇರಬಯಸುವವರು ನೋಂದಣಿಯಾದ ಸಂಸ್ಥೆಯ ಮೂಲಕ ಬೇರೆ ವೀಸಾ ಪಡೆಯಬೇಕು. ಅವರನ್ನು ಮನೆಯಲ್ಲಿಯೋ ಛತ್ರದಲ್ಲಿಯೋ ಇಳಿಸಿಕೊಂಡವರು 24 ಗಂಟೆಗಳೊಳಗೆ ತಕ್ಕ ಅಧಿಕಾರಿಗೆ ವರದಿ ಮಾಡಬೇಕು. ಹೋಗುವಾಗ ಅವರು ಪ್ರೀತಿಯಿಂದ ಕೊಡುವ ಹಣವನ್ನು ಶಾಲೆಯ ಸಮಿತಿಯಾಗಲಿ ಯುವಕ ಸಂಘವಾಗಲಿ ಹಾಗೆಯೇ ತೆಗೆದುಕೊಳ್ಳುವಂತಿಲ್ಲ. 2010ರ ವಿದೇಶೀ ದೇಣಿಗೆ ಕಾಯಿದೆಯು ಅದಕ್ಕೆ ಕಟ್ಟುನಿಟ್ಟಾದ ದಾರಿಯನ್ನು ಹಾಕಿದೆ. ಒಳ್ಳೆಯ ಉದ್ದೇಶದಿಂದ ಅತಿಥಿಯನ್ನು ಕರೆದ ಹಳ್ಳಿಯ ಯಜಮಾನನು ಇದೊಂದೂ ತಿಳಿಯದೆ ತೊಂದರೆಗೆ ಸಿಕ್ಕಬಾರದು. ತಾಲ್ಲೂಕು ಕಚೇರಿಗಳು ಈ ನಿಯಮಗಳನ್ನು ಕನ್ನಡದಲ್ಲಿ ಒಂದು ಹಾಳೆಯಷ್ಟಾಗಿ ಅಚ್ಚು ಹಾಕಿಸಿ ಪಂಚಾಯತಿಗಳಿಗೆ ಹಂಚಿದರೆ ದೊಡ್ಡ ಉಪಕಾರವಾಗುವುದು.

ಹಾಗಾದರೆ ಬರತಕ್ಕವರಿಗೆ ಬಾಗಿಲು ಹಾಕಬೇಕೇ ಎಂದು ಕೆಲವರು ಕೇಳಬಹುದು. ನಮ್ಮ ಮಾತಿನ ಅರ್ಥ ಅದಲ್ಲ. ಬರಿಯ ಕೈಯಲ್ಲಿ, ಕಲಿಯಲೆಂದು ಬಂದವನಿಗೂ ನಮ್ಮ ಹಳ್ಳಿಯಲ್ಲಿ ಸ್ಥಳವಿದೆ. ಅವನು ತನ್ನನ್ನು ವಿದ್ಯಾರ್ಥಿಯೆಂದು ಕರೆದುಕೊಳ್ಳಬೇಕೇ ಹೊರತು ಉದ್ಧಾರಕನೆಂದಲ್ಲ. ಕಣದಲ್ಲಿ ರಾಶಿ ಮಾಡುವುದನ್ನು ನೋಡಲಿ, ಮುದ್ದೆ ನುಂಗುವುದನ್ನು ಕಲಿಯಲಿ, ಬಾವಿಯ ಆಳವನ್ನು ಅಳೆಯಲಿ, ಗುಳೆ ಹೋದವರ ಮನೆಯ ಅಜ್ಜಿಯ ಮಾತು ಕೇಳಲಿ. ತನ್ನ ದೇಶಕ್ಕೆ ಹೋಗಿ ಸತ್ಯವನ್ನು ಹೇಳಲಿ. ನಮ್ಮ ಕಾಫಿಯನ್ನು ಕುಡಿಯುವ ಜನರಿಗೆ ಅದನ್ನು ಕೀಳುವವರ ಸಂಗತಿ ತಿಳಿದರೆ ಅದೂ ಒಂದು ಸೇವೆಯೇ. ಕಸುಬು ಬಲ್ಲವನಾದರೆ ಇನ್ನೂ ಸಂತೋಷ. ಅಂಥವನು ಇಲ್ಲಿಯ ಒಬ್ಬನಿಗೆ ತನ್ನ ಕಸುಬನ್ನು ಕಲಿಸಿಕೊಟ್ಟು ಹೋಗಲಿ. ಮುಖ್ಯವಾಗಿ, ಯಾವ ಕೆಲಸ ಬೇಕು, ಯಾವಾಗ ಬೇಕು ಎಂಬುದನ್ನು ಗ್ರಾಮಸಭೆಯು ಮೊದಲು ನಿಶ್ಚಯಿಸಲಿ. ಸೆರೆಸೋಲನು ಬಿಹಾರದಲ್ಲಿ ನಡೆದ ದಾರಿ ಇದೇ.

ಕ್ರಿಸ್‌ಮಸ್ಸನ್ನು ಪರದೇಶದ ಹಬ್ಬವೆಂದು ನಾವು ಕರೆಯುತ್ತಿಲ್ಲವೆಂಬುದೂ ಸ್ಪಷ್ಟವಾಗಿರಲಿ. ಇದು ನಮ್ಮ ಕ್ರೈಸ್ತ ಬಂಧುಗಳ ಹಬ್ಬ. ಇದೇ ಜಿಲ್ಲೆಯ ಹರಿಹರದ ಆರೋಗ್ಯಮಾತೆಯ ದೇವಾಲಯಕ್ಕೆ ಪ್ರತಿ ಸೆಪ್ಟೆಂಬರಿನಲ್ಲಿಯೂ ಎಲ್ಲ ಮತಗಳ ಜನರೂ ಹೋಗಿ ಬರುತ್ತಾರೆ. 1931ರಲ್ಲಿ ದುಂಡುಮೇಜಿನ ಪರಿಷತ್ತಿನಿಂದ ಬರಿಗೈಯಲ್ಲಿ ಮರಳುತ್ತಿದ್ದ ಗಾಂಧೀಜಿಯವರು ಡಿಸೆಂಬರ್ 25ರ ಬೆಳಗ್ಗೆ ಪಿಲ್ಸ್ನಾ ಹಡಗಿನಲ್ಲಿ, ಸಹಯಾತ್ರಿಕರ ಕೋರಿಕೆಯಂತೆ ಯೇಸುವಿನ ವಿಷಯವಾಗಿ ಮಾತನಾಡಿದರು. ನಿಜವಾದ ಶಾಂತಿಯು ನೆಲೆಗೊಂಡ ದಿನ ಅದು ಆಚರಣೆಗಳಲ್ಲಲ್ಲ, ನಮ್ಮ ಬಾಳಿನಲ್ಲಿಯೇ ಕಾಣಿಸಿಕೊಳ್ಳುವುದೆಂಬುದು ಅವರ ಮಾತಿನ ತಾತ್ಪರ್ಯ. ಹಬ್ಬವನ್ನು ಸೇವೆಯಲ್ಲಿ ಕಳೆಯಬೇಕೆಂಬ ಭಾವನೆಯು ಆದುದರಿಂದ ಗೌರವಾರ್ಹವಾದುದೇ. ಆ ಭಾವನೆಯು ಪರದೇಶದವರಿಗೆ ಇದ್ದು ನಮಗೇಕಿಲ್ಲವೆಂಬುದೇ ನಾವು ಕೇಳಬೇಕಾದ ಮುಖ್ಯ ಪ್ರಶ್ನೆ.

ನಮ್ಮ ಹಿರಿಯರಿಗೆ ಅದು ಇದ್ದಿತು. ಕಾಂಗ್ರೆಸ್ಸಿನ ಮೊದಲನೆಯ ಅಧಿವೇಶನವು ಮುಂಬಯಿಯಲ್ಲಿ ಸೇರಿದುದು 1885ನೆಯ ಡಿಸೆಂಬರ್ 28ರಂದು. ಅಂದಿನಿಂದ ಸುಮಾರು ನಲವತ್ತೈದು ವರ್ಷಗಳ ಕಾಲ ವಾರ್ಷಿಕ ಅಧಿವೇಶನಗಳು ಬಹುಮಟ್ಟಿಗೆ ಕ್ರಿಸ್‌ಮಸ್ ವಾರದಲ್ಲಿಯೇ ನಡೆದವು. ನ್ಯಾಯಾಲಯಗಳೂ ಕಚೇರಿಗಳೂ ಮುಚ್ಚಿರುತ್ತಿದ್ದ ಆ ವಾರದಲ್ಲಿ ವಕೀಲರೂ ಉಪಾಧ್ಯಾಯರೂ ವರ್ತಕರೂ ಬಿಡುವು ಮಾಡಿಕೊಂಡು ದೇಶದ ಕೆಲಸಕ್ಕೆ ಬರುತ್ತಿದ್ದರು. ಆಳುವವರ ಹಬ್ಬದ ರಜೆಯನ್ನೇ ಆಳಿಸಿಕೊಳ್ಳುವವರು ಸ್ವರಾಜ್ಯದ ಸಾಧನವನ್ನಾಗಿ ಮಾಡಿಕೊಂಡರು. 1924ನೆಯ ಡಿಸೆಂಬರ್ 26 ಮತ್ತು 27ರಂದು ನಮ್ಮ ಬೆಳಗಾವಿಯಲ್ಲಿ ನಡೆದ ಅಧಿವೇಶನವನ್ನು, ಗಾಂಧೀಜಿಯವರು ಅಧ್ಯಕ್ಷರಾಗಿದ್ದ ಆ ಒಂದೇ ಅಧಿವೇಶನವನ್ನು, ಕನ್ನಡಿಗನು ಮರೆಯಲಾರನು. ಗಂಗಾಧರರಾವ್ ದೇಶಪಾಂಡೆಯವರ ಉಸ್ತುವಾರಿಯಲ್ಲಿ, ಡಾಕ್ಟರ್ ಹರ್ಡೀಕರರ ಸೇವಾದಳದ ತರುಣರು ಅಲ್ಲಿ ದುಡಿದರು. ನೀರಿಗಾಗಿ ತೋಡಿದ ಪಂಪಾ ಸರೋವರವೆಂಬ ಬಾವಿಯು ಆ ಶ್ರಮದ ಗುರುತು. 1936ರಲ್ಲಿ ಖಾನ್ದೇಶದ ಫೈಜಪುರದಲ್ಲಿ ಮೊತ್ತಮೊದಲು ಒಂದು ಹಳ್ಳಿಯಲ್ಲಿಯೇ ಅಧಿವೇಶನವು ಸೇರಿತು. ಅದೂ ಡಿಸೆಂಬರ್ 27 ಮತ್ತು 28ರಂದು. ಎಂದಮೇಲೆ ಕ್ರಿಸ್‌ಮಸ್ಸಿನ ವಾರವನ್ನು ಸ್ವಯಂಸೇವಕನಾಗಿ ಹಳ್ಳಿಯಲ್ಲಿ ಕಳೆಯುವ ಕಲ್ಪನೆಯು ನಮಗೆ ಹೊರಗಿನಿಂದ ಬರಬೇಕಾದುದಲ್ಲ. ನಮ್ಮ ಮನೆಯದೇ ಆದ ಸೊತ್ತನ್ನು ನಾವು ಮರೆತಿದ್ದೇವೆ.

ಸ್ವತಂತ್ರ ಭಾರತವು 1969ರ ಸೆಪ್ಟೆಂಬರ್ 24ರಂದು ರಾಷ್ಟ್ರೀಯ ಸೇವಾ ಯೋಜನೆಯನ್ನು 37 ವಿಶ್ವವಿದ್ಯಾನಿಲಯಗಳಲ್ಲಿ, ಸುಮಾರು 40,000 ವಿದ್ಯಾರ್ಥಿಗಳೊಡನೆ ಪ್ರಾರಂಭಿಸಿತು. ವರ್ಷಕ್ಕೆ 120 ಗಂಟೆಗಳ ಸೇವೆ, ಏಳು ದಿನಗಳ ಶಿಬಿರ, ಇವು ಅದರ ಅಂಗಗಳು. ಯೋಜನೆಯು ಉತ್ತಮವಾದುದು. ಆದರೆ ಏಳು ದಿನ ರಸ್ತೆ ಗುಡಿಸಿ, ಸಂಜೆ ನಾಟಕವಾಡಿ, ಎಂಟನೆಯ ದಿನ ಬಸ್ಸು ಹತ್ತಿದ ನಮ್ಮ ವಿದ್ಯಾರ್ಥಿಗೂ, ಎರಡು ವಾರ ಗೋಡೆ ಬಳಿದು ವಿಮಾನ ಹತ್ತಿದ ಪರದೇಶದ ವಿದ್ಯಾರ್ಥಿಗೂ ಹಳ್ಳಿಯ ದೃಷ್ಟಿಯಲ್ಲಿ ಭೇದವೇನು? ಒಂದು ಭೇದವುಂಟು. ನಮ್ಮವನು ಮುಂದಿನ ವಾರ ಮತ್ತೆ ಬರಬಲ್ಲನು. ಬಸ್ಸಿನ ಟಿಕೀಟು ಅವನಿಗೆ ಭಾರವಲ್ಲ. ಮಾತು ಅವನ ತಾಯಿಯದೇ. ಬರಬಲ್ಲವನು ಬಾರದಿದ್ದರೆ, ಬರಲಾರದವನನ್ನು ದೂರುವ ಹಕ್ಕು ನಮಗೆಲ್ಲಿಯದು?

ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯು ಪರದೇಶದ ತರುಣನಿಗೆ ಮಾತ್ರ ಸಲ್ಲುವುದಲ್ಲ. ದಾವಣಗೆರೆಯ ವಿದ್ಯಾವಂತ ಗೃಹಸ್ಥನೊಬ್ಬನು ತನ್ನ ಮಗನು ಓದುತ್ತಿರುವ ಅಮೆರಿಕದ ಪಟ್ಟಣದ ಹವೆಯನ್ನು ದಿನದಿನವೂ ತಿಳಿದಿರುತ್ತಾನೆ. ಜಗಳೂರಿನ ಹಳ್ಳಿಯೊಂದರಲ್ಲಿ ಯಾವ ನೀರನ್ನು ಕುಡಿಯುತ್ತಾರೆಂಬುದು ಅವನಿಗೆ ತಿಳಿಯದು. ಡಿಸೆಂಬರಿನ ರಜೆ ಬಂದರೆ ಗೋವೆಗೋ ಊಟಿಗೋ ಪ್ರಯಾಣ. ಅಂಥವನಿಗೆ ಪರದೇಶವೆಂದರೆ ನ್ಯಾಮತಿಯ ತಾಂಡಾವೇ. ಕಚೇರಿಯ ಜೀಪಿನಲ್ಲಿ ಹೋಗಿ ಕಡತಕ್ಕೆ ರುಜು ಹಾಕಿ ಬಂದುದನ್ನು ಹಳ್ಳಿ ನೋಡಿದೆನೆಂದು ಲೆಕ್ಕ ಹಿಡಿಯುವಂತಿಲ್ಲ.

ಆದುದರಿಂದ ಈ ನಾಲ್ಕು ತಾಲ್ಲೂಕುಗಳ ವಿದ್ಯಾವಂತರ ಮುಂದೆ ನಾವು ಒಂದು ಸಣ್ಣ ಸೂಚನೆಯನ್ನು ಇಡುತ್ತೇವೆ. ಇದಕ್ಕೆ ಸರಕಾರದ ಅಪ್ಪಣೆ ಬೇಕಿಲ್ಲ, ದೊಡ್ಡ ನಿಧಿಯೂ ಬೇಕಿಲ್ಲ. ಪಟ್ಟಣದಲ್ಲಿರುವ ಪ್ರತಿಯೊಬ್ಬ ಉಪಾಧ್ಯಾಯನೂ ವೈದ್ಯನೂ ಲೆಕ್ಕಿಗನೂ ವಕೀಲನೂ ಒಂದು ಹಳ್ಳಿಯನ್ನು ಆರಿಸಿಕೊಳ್ಳಲಿ. ಅದು ತನ್ನ ಹುಟ್ಟೂರಾದರೆ ಬಹಳ ಒಳ್ಳೆಯದು. ಡಿಸೆಂಬರಿನ ಕೊನೆಯ ವಾರದಲ್ಲಿ ಮೊದಲ ಬಾರಿ ಹೋಗಲಿ. ಅಂದು ಏನನ್ನೂ ಮಾಡಬೇಕಾಗಿಲ್ಲ, ಕೇಳಿ ಬರೆದುಕೊಂಡರೆ ಸಾಕು. ಅನಂತರ ಮಾರ್ಚಿಯ ಪರೀಕ್ಷೆಯವರೆಗೆ ಪ್ರತಿ ಭಾನುವಾರವೂ ಹೋಗಲಿ. ಲೆಕ್ಕ, ಇಂಗ್ಲಿಷ್ ಬಲ್ಲವನು ಹತ್ತನೆಯ ತರಗತಿಯ ಹುಡುಗರನ್ನು ಕೂರಿಸಿಕೊಳ್ಳಲಿ. ವಕೀಲನು ಮುದುಕಿಯ ಪಿಂಚಣಿಯ ಅರ್ಜಿಯನ್ನೂ ಪಹಣಿಯ ತಪ್ಪನ್ನೂ ಸರಿಪಡಿಸಿಕೊಡಲಿ. ವೈದ್ಯನು ಸಕ್ಕರೆ ಕಾಯಿಲೆಯವರ ಪಟ್ಟಿ ಹಿಡಿಯಲಿ. ಗುಳೆ ಹೋದವರ ಮಕ್ಕಳು ಶಾಲೆಗೆ ಬಂದರೋ ಇಲ್ಲವೋ ಎಂಬುದನ್ನು ಯಾರಾದರೊಬ್ಬರು ವಾರಕ್ಕೊಮ್ಮೆ ಎಣಿಸಲಿ. ಹನ್ನೆರಡು ಭಾನುವಾರಗಳ ಈ ಕೆಲಸವು ಯಾವ ಛಾಯಾಚಿತ್ರದಲ್ಲಿಯೂ ಚೆನ್ನಾಗಿ ಕಾಣಿಸುವುದಿಲ್ಲ. ಆದರೆ ಏಪ್ರಿಲ್ ಬಂದಾಗ ಪರೀಕ್ಷೆಗೆ ಕುಳಿತ ಮಕ್ಕಳ ಸಂಖ್ಯೆಯಲ್ಲಿ ಅದು ಕಾಣಿಸುತ್ತದೆ.

ಇಷ್ಟನ್ನು ನಾವು ಮಾಡಿದ ಹಳ್ಳಿಗೆ ಹೊರದೇಶದ ತರುಣನೊಬ್ಬನು ಕ್ರಿಸ್‌ಮಸ್ ಕಳೆಯಲು ಬಂದರೆ, ಅವನಿಗೆ ಅಲ್ಲಿ ಕೆಲಸವನ್ನು ಹೇಳುವವರಿರುತ್ತಾರೆ, ತಪ್ಪಿದರೆ ತಿದ್ದುವವರಿರುತ್ತಾರೆ, ಅವನು ಹೋದ ಮೇಲೆ ಮುಂದುವರಿಸುವವರಿರುತ್ತಾರೆ. ಆಗ ಅವನು ನಿಜವಾಗಿಯೂ ಅತಿಥಿ; ನಾವೂ ನಿಜವಾಗಿಯೂ ಆತಿಥೇಯರು. ಮನೆಯವರೇ ಇಲ್ಲದ ಮನೆಗೆ ಬಂದವನನ್ನು ಅತಿಥಿಯೆನ್ನುವುದು ಹೇಗೆ? ಈ ವರ್ಷದ ರಜೆಯ ಪಟ್ಟಿಯು ಆಗಲೇ ನಮ್ಮ ಕಚೇರಿಗಳ ಗೋಡೆಯ ಮೇಲೆ ತೂಗುತ್ತಿದೆ. ಅದರಲ್ಲಿ ಡಿಸೆಂಬರ್ 25ರ ಮುಂದೆ ಕೆಂಪು ಶಾಯಿಯಲ್ಲಿ ಅಚ್ಚಾಗಿರುವ ದಿನವನ್ನು ಹೇಗೆ ಕಳೆಯಬೇಕೆಂಬುದನ್ನು ಪ್ರತಿಯೊಬ್ಬ ವಾಚಕನೂ ತಾನೇ ನಿರ್ಧರಿಸಲಿ.